ಕೊಬ್ಬು ಉರಿಯುತ್ತೆ ಸರಿ, ಕರಗುತ್ತಾ?

ನಾಲ್ಕನೇ ದಿನ ಬೆಳಿಗ್ಗೆ ಪಟ್ಟಿಯ ತುದಿ ನೇರಳೆ ಬಣ್ಣಕ್ಕೆ ತಿರುಗಿತು. ಕೊಬ್ಬು ಉರಿದಾಗ ಮೈ ತಯಾರಿಸುವ ಕೀಟೋನ್ ಮೂತ್ರದಲ್ಲಿ ಇದೆಯಾ ಅಂತ ನೋಡುವ ಪಟ್ಟಿ ಅದು. ಮೊದಲ ಎರಡು ದಿನ ಬಣ್ಣವೇ ಬದಲಾಗಿರಲಿಲ್ಲ. ಮೂರನೇ ದಿನ ತಿಳಿ ಗುಲಾಬಿ, ಆಮೇಲೆ ಇದು. ಡಬ್ಬಿಯ ಮೇಲಿದ್ದ ಬಣ್ಣದ ಚೌಕಗಳ ಪಕ್ಕ ಹಿಡಿದು ನೋಡಿದೆ, ಕೊನೆಯಿಂದ ಎರಡನೆಯದಕ್ಕೆ ಸರಿಹೊಂದಿತು. ತಲೆ ಸಿಡಿಯುತ್ತಿತ್ತು, ಬಾಯಲ್ಲಿ ಏನೋ ಲೋಹದ ರುಚಿ. ಆದರೂ ಪರೀಕ್ಷೆ ಪಾಸಾದಷ್ಟು ಖುಷಿ. ಅದೇ ಖುಷಿಯಲ್ಲಿ ತೂಕದ ಯಂತ್ರ ಹತ್ತಿದೆ. ಎರಡು ಕಿಲೋ ಇಳಿದಿತ್ತು, ನಾಲ್ಕೇ ದಿನದಲ್ಲಿ.

ಕೀಟೋ ಅನ್ನುವ ಊಟದ ಪದ್ಧತಿಗೆ ನನ್ನನ್ನು ಎಳೆದಿದ್ದ ಗೆಳೆಯನಿಗೆ ಫೋನ್ ಮಾಡಿದೆ. "ನೋಡಿದ್ಯಾ? ಈಗ ನಿನ್ನ ಮೈ ಕೊಬ್ಬು ಉರಿಸ್ತಿದೆ" ಅಂದ.

ಅವನು ಹೇಳಿದ್ದು ಸುಳ್ಳಲ್ಲ. ಆದರೆ ಯಾವ ಕೊಬ್ಬು ಅಂತ ನಾನು ಕೇಳಲಿಲ್ಲ. ಸೊಂಟದ ಸುತ್ತ ಇರುವುದಾ, ಅಥವಾ ಒಂದು ಗಂಟೆ ಮುಂಚೆ ತಟ್ಟೆಗೆ ಸುರಿದುಕೊಂಡಿದ್ದಾ? ಆ ಪ್ರಶ್ನೆ ಹೊಳೆಯಲು ನನಗೆ ಏಳು ವಾರ ಬೇಕಾಯಿತು. ಕೀಟೋ ಬಗ್ಗೆ ನಡೆಯುವ ಜಗಳದಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ.

ತಟ್ಟೆಯಲ್ಲಿ ಏನಿರುತ್ತೆ

ಕಾರ್ಬ್ ಅನ್ನು ತೀರಾ ಕಡಿಮೆ ಮಾಡಿ, ಆ ಜಾಗಕ್ಕೆ ಕೊಬ್ಬು ತುಂಬುವುದೇ ಕೀಟೋ. ಕಾರ್ಬ್ ಅಂದರೆ ಕಾರ್ಬೋಹೈಡ್ರೇಟ್, ಸರಳವಾಗಿ ಹೇಳುವುದಾದರೆ ಪಿಷ್ಟ ಮತ್ತು ಸಕ್ಕರೆ. ಧಾನ್ಯ, ಗೆಡ್ಡೆ, ಹಣ್ಣು, ಕಾಳು, ಹಾಲು ಎಲ್ಲದರಲ್ಲೂ ಇದೆ. ಬಹಳಷ್ಟು ಜನರಿಗೆ ದಿನದ ಶಕ್ತಿಯ ಅರ್ಧದಷ್ಟು ಸಿಗುವುದು ಇದರಿಂದಲೇ. ಕೀಟೋದಲ್ಲಿ ಅದು ಶೇ. 5ರಿಂದ 10ಕ್ಕೆ ಇಳಿಯುತ್ತದೆ. ಕೊಬ್ಬು ಶೇ. 70-75ಕ್ಕೆ ಏರುತ್ತದೆ. ಉಳಿದದ್ದು ಪ್ರೊಟೀನ್.

ಶೇಕಡಾ ಲೆಕ್ಕ ಕೇಳಿದರೆ ಏನೂ ಅನ್ನಿಸುವುದಿಲ್ಲ, ಅಲ್ವಾ? ಚಮಚದಲ್ಲಿ ಅಳೆದು ನೋಡೋಣ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಶೇ. 75 ಅಂದರೆ 1500 ಕ್ಯಾಲೊರಿ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಇರುವುದರಿಂದ ಹತ್ತಿರ ಹತ್ತಿರ 167 ಗ್ರಾಂ ಕೊಬ್ಬು ಬೇಕು. ಒಂದು ಟೇಬಲ್ ಸ್ಪೂನ್ ಅಳತೆಯ ಚಮಚದಲ್ಲಿ ಎಣ್ಣೆ ಸುಮಾರು 14 ಗ್ರಾಂ ಹಿಡಿಯುತ್ತದೆ. ಅಲ್ಲಿಗೆ ದಿನಕ್ಕೆ ಹನ್ನೆರಡು ಚಮಚ ಎಣ್ಣೆಯಷ್ಟು ಕೊಬ್ಬು. ಎಲ್ಲವನ್ನೂ ಎಣ್ಣೆಯಾಗಿಯೇ ಕುಡಿಯಬೇಕಿಲ್ಲ ಅನ್ನಿ. ಮೊಟ್ಟೆ, ಬಾದಾಮಿ, ಚೀಸ್, ಮೀನು, ಬೆಣ್ಣೆಹಣ್ಣು ಎಲ್ಲದರಿಂದಲೂ ಬರುತ್ತದೆ. ಆದರೂ ಆ ಹನ್ನೆರಡು ಚಮಚವನ್ನು ಒಂದು ಲೋಟಕ್ಕೆ ಅಳೆದು ಹಾಕಿ ನೋಡಿ. ನಾನು ಹಾಕಿ ನೋಡಿದ್ದೆ.

ಇನ್ನು ಕಾರ್ಬ್. ಇಡೀ ದಿನಕ್ಕೆ 20ರಿಂದ 50 ಗ್ರಾಂ ಮಾತ್ರ. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲೇ 27 ಗ್ರಾಂ ಇರುತ್ತದೆ. ಒಂದು ಕಪ್ ಅನ್ನದಲ್ಲಿ 45. ಒಂದೇ ಒಂದು ಬಾಳೆಹಣ್ಣು ತಿಂದರೆ ಆ ದಿನದ ಲೆಕ್ಕ ಹೆಚ್ಚೂಕಡಿಮೆ ಮುಗಿದಂತೆ.

ಬರೀ ಮಾಂಸ, ಮೊಟ್ಟೆ ತಿಂದು "ನಾನು ಕೀಟೋದಲ್ಲಿದ್ದೀನಿ" ಅನ್ನುವವರೂ ಇದ್ದಾರೆ. ಅದು ಕೀಟೋ ಆಗಲೇಬೇಕು ಅಂತಿಲ್ಲ. ಪ್ರೊಟೀನ್ ಮಿತಿ ಮೀರಿದರೆ ಲಿವರ್ ಅದರಿಂದಲೂ ಗ್ಲೂಕೋಸ್ ತಯಾರಿಸುತ್ತದೆ, ಕೀಟೋನ್ ಕಡಿಮೆಯಾಗುತ್ತದೆ.

ಮೈಯೊಳಗೆ ಏನಾಗುತ್ತೆ

ಮೈಗೆ ಸುಲಭದ ಇಂಧನ ಗ್ಲೂಕೋಸ್. ಊಟವಾದ ಮೇಲೆ ಅದು ರಕ್ತಕ್ಕೆ ಬರುತ್ತದೆ. ಇನ್ಸುಲಿನ್ ಅದನ್ನು ಸ್ನಾಯು ಮತ್ತಿತರ ಕಡೆಯ ಜೀವಕೋಶಗಳ ಒಳಗೆ ಕಳಿಸುತ್ತದೆ. ಖರ್ಚಾಗಿ ಉಳಿದದ್ದರಲ್ಲಿ ಒಂದು ಪಾಲು ಗ್ಲೈಕೋಜನ್ ಆಗಿ ಸೇರಿಕೊಳ್ಳುತ್ತದೆ. ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಈ ಗ್ಲೈಕೋಜನ್ ಒಣಗಿಕೊಂಡು ಕೂತಿರುವುದಿಲ್ಲ. ಒಂದು ಗ್ರಾಮಿಗೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ.

ನನ್ನ ಎರಡು ಕಿಲೋ ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಕಾರ್ಬ್ ನಿಂತ ಕೂಡಲೇ ಗ್ಲೈಕೋಜನ್ ಕರಗಲು ಶುರುವಾಗುತ್ತದೆ, ಜೊತೆಗಿದ್ದ ನೀರೂ ಹೊರಟುಹೋಗುತ್ತದೆ. ಇನ್ಸುಲಿನ್ ಇಳಿದಾಗ ಕಿಡ್ನಿ ಉಪ್ಪನ್ನು ಜಾಸ್ತಿ ಹೊರಹಾಕುತ್ತದೆ, ಉಪ್ಪಿನ ಹಿಂದೆ ಇನ್ನಷ್ಟು ನೀರು. ಆ ಮೂರು ದಿನ ರಾತ್ರಿ ಎರಡೆರಡು ಸಲ ಎದ್ದು ಹೋಗುತ್ತಿದ್ದೆ, ಆಗಲೇ ಅರ್ಥವಾಗಬೇಕಿತ್ತು. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ನಾಲ್ಕು ದಿನದಲ್ಲಿ ಎರಡು ಕಿಲೋ ಕೊಬ್ಬು ಕರಗಬೇಕೆಂದರೆ ದಿನಕ್ಕೆ 3800ಕ್ಕಿಂತ ಜಾಸ್ತಿ ಕ್ಯಾಲೊರಿ ಕೊರತೆ ಬೀಳಬೇಕು. ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ನಾನು ಪೂರ್ತಿ ಉಪವಾಸ ಮಾಡಿದ್ದರೂ ಅಷ್ಟಾಗುತ್ತಿರಲಿಲ್ಲ.

ಗ್ಲೈಕೋಜನ್ ಇಳಿದ ಮೇಲೆ ಶುರುವಾಗುವುದು ನಿಜಕ್ಕೂ ಸೋಜಿಗದ ಕೆಲಸ. ಸ್ನಾಯುಗಳು ಕೊಬ್ಬಿನ ಆಮ್ಲವನ್ನು ನೇರವಾಗಿ ಉರಿಸಬಲ್ಲವು. ಮೆದುಳಿಗೆ ಅದು ಒಗ್ಗುವುದಿಲ್ಲ. ಮೆದುಳು ಮೈತೂಕದ ಶೇ. 2ರಷ್ಟಿದ್ದರೂ ಶಕ್ತಿಯ ಶೇ. 20ರಷ್ಟನ್ನು ತಿನ್ನುತ್ತದೆ, ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಕೇಳುತ್ತದೆ. ಅದಕ್ಕೆ ಲಿವರ್ ಒಂದು ಉಪಾಯ ಮಾಡುತ್ತದೆ. ಕೊಬ್ಬನ್ನು ಒಡೆದು ಮೆದುಳು ತಿನ್ನಬಲ್ಲ ಚಿಕ್ಕ ತುಣುಕುಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅವೇ ಕೀಟೋನ್‌ಗಳು. ಮುಖ್ಯವಾದವು ಎರಡು, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಮತ್ತು ಅಸಿಟೋಅಸಿಟೇಟ್. ಮೂರನೆಯದು ಅಸಿಟೋನ್, ಉಸಿರಿನಲ್ಲಿ ಹೊರಗೆ ಹೋಗುವಂಥದ್ದು. ಕೀಟೋದಲ್ಲಿರುವವರ ಬಾಯಿಂದ ಉಗುರುಬಣ್ಣ ಅಳಿಸುವ ದ್ರವದ ವಾಸನೆ ಬರುವುದು ಇದರಿಂದ. ನಮಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಕೂತವರಿಗೆ ಗೊತ್ತಾಗುತ್ತದೆ.

1967ರಲ್ಲಿ ಜಾರ್ಜ್ ಕೇಹಿಲ್ ಮತ್ತು ಅವರ ಜೊತೆಗಾರರು ವಾರಗಟ್ಟಲೆ ಉಪವಾಸವಿದ್ದವರನ್ನು ಪರೀಕ್ಷಿಸಿ ಒಂದು ಸಂಗತಿ ತೋರಿಸಿಕೊಟ್ಟರು. ಅವರ ಮೆದುಳಿಗೆ ಬೇಕಾದ ಶಕ್ತಿಯಲ್ಲಿ ಸುಮಾರು ಮೂರನೇ ಎರಡು ಭಾಗ ಕೀಟೋನ್‌ನಿಂದ ಬರುತ್ತಿತ್ತು. ಉಳಿದ ಗ್ಲೂಕೋಸನ್ನು ಲಿವರ್ ತಾನೇ ತಯಾರಿಸುತ್ತಿತ್ತು. ಹಾಗಾಗಿ "ಕಾರ್ಬ್ ತಿನ್ನದಿದ್ದರೆ ಮೆದುಳು ಕೆಟ್ಟುಹೋಗುತ್ತೆ" ಅಂತ ಹೆದರಿಸುವವರ ಮಾತಿನಲ್ಲಿ ಹುರುಳಿಲ್ಲ. ಬರಗಾಲಗಳನ್ನು ದಾಟಿ ಬಂದ ಮೈ ಇದು, ಅದಕ್ಕೆ ಈ ದಾರಿ ಮೊದಲೇ ಗೊತ್ತು.

ಸೌದೆಯ ಲೆಕ್ಕ

ಈಗ ಗೆಳೆಯನ ಮಾತಿಗೆ ಬರೋಣ. ಮೈ ಕೊಬ್ಬು ಉರಿಸುತ್ತಿದೆ, ನಿಜ. ಮನೆಯ ಹಿತ್ತಲಲ್ಲಿ ಸೌದೆ ಒಟ್ಟಿದೆ ಅಂತ ಇಟ್ಟುಕೊಳ್ಳಿ. ಇಷ್ಟು ದಿನ ಗ್ಯಾಸ್ ಒಲೆಯಲ್ಲಿ ಅಡುಗೆ ಆಗುತ್ತಿತ್ತು, ಈಗ ಸೌದೆ ಒಲೆಗೆ ಬದಲಾಯಿಸಿದಿರಿ. ಒಳ್ಳೆಯದೇ. ಆದರೆ ದಿನಾ ಬೆಳಿಗ್ಗೆ ಬಾಗಿಲ ಮುಂದೆ ಒಂದು ಗಾಡಿ ಹೊಸ ಸೌದೆ ತಂದು ಸುರಿದರೆ ಹಿತ್ತಲಿನ ರಾಶಿ ಯಾಕೆ ಕರಗಬೇಕು? ಒಲೆಯಲ್ಲಿ ಏನು ಉರಿಯುತ್ತಿದೆ ಅನ್ನುವುದು ಒಂದು ಲೆಕ್ಕ. ರಾಶಿ ಎಷ್ಟು ಇಳಿಯಿತು ಅನ್ನುವುದು ಬೇರೆ ಲೆಕ್ಕ. ಕೀಟೋದಲ್ಲಿ ಕೊಬ್ಬು ಜಾಸ್ತಿ ಉರಿಯುವುದು ಯಾಕೆಂದರೆ ನಾವು ತಿನ್ನುತ್ತಿರುವುದೇ ಕೊಬ್ಬು.

ಇದು ನನ್ನ ಉಪಮೆ ಅಷ್ಟೇ ಅಲ್ಲ, ಪರೀಕ್ಷೆ ಮಾಡಿ ನೋಡಿದ್ದೂ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ತಂಡದವರು 17 ಗಂಡಸರನ್ನು ಎಂಟು ವಾರ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ನಾಲ್ಕು ವಾರ ಕಾರ್ಬ್ ಜಾಸ್ತಿ ಇರುವ ಊಟ, ಮುಂದಿನ ನಾಲ್ಕು ವಾರ ಅಷ್ಟೇ ಕ್ಯಾಲೊರಿಯ ಕೀಟೋ. ಒಂದೊಂದು ತುತ್ತೂ ತೂಕ ಹಾಕಿ ಕೊಟ್ಟದ್ದು. 2016ರಲ್ಲಿ ಫಲಿತಾಂಶ ಬಂತು. ಕೀಟೋ ಶುರುವಾದ ಕೂಡಲೇ ಇನ್ಸುಲಿನ್ ಇಳಿಯಿತು, ಕೊಬ್ಬು ಉರಿಯುವ ಪ್ರಮಾಣ ಏರಿತು. ಮೈಕೊಬ್ಬು ಕರಗುವ ವೇಗ ಮಾತ್ರ ಏರಲಿಲ್ಲ, ಸ್ವಲ್ಪ ನಿಧಾನವೇ ಆಯಿತು. "ಇನ್ಸುಲಿನ್ ಇಳಿಸಿದರೆ ಸಾಕು, ಕೊಬ್ಬು ತಾನಾಗಿ ಕರಗುತ್ತೆ" ಅನ್ನುವ ವಾದಕ್ಕೆ ಇದು ದೊಡ್ಡ ಪೆಟ್ಟು.

ಹಾಗಾದರೆ ಕೀಟೋದಲ್ಲಿ ತೂಕ ಇಳಿಸಿಕೊಂಡವರೆಲ್ಲ ಸುಳ್ಳು ಹೇಳುತ್ತಿದ್ದಾರಾ? ಖಂಡಿತ ಇಲ್ಲ. ಅವರು ಕಡಿಮೆ ತಿನ್ನುತ್ತಿದ್ದಾರೆ, ಅದೂ ಕಷ್ಟಪಡದೆ. ಕೀಟೋನ್ ಇದ್ದಾಗ ಹಸಿವು ಮಂಕಾಗುತ್ತದೆ, ಇದನ್ನು ನಾನೇ ಅನುಭವಿಸಿದ್ದೇನೆ. ಹನ್ನೊಂದು ಗಂಟೆಗೆ ಬಿಸ್ಕತ್ತಿನ ಡಬ್ಬಿ ಹುಡುಕುವ ಕೈ ಎರಡನೇ ವಾರದಿಂದ ಸುಮ್ಮನಾಯಿತು. ಬಿಸ್ಕತ್ತು, ಸಿಹಿ, ತಂಪು ಪಾನೀಯ, ಚಿಪ್ಸ್ ಎಲ್ಲದಕ್ಕೂ ಒಂದೇ ಏಟಿಗೆ ಬಾಗಿಲು ಹಾಕಿದ ಹಾಗೆ. ಯಾರಾದರೂ ಕೇಕ್ ಹಿಡಿದು ಬಂದರೆ ಯೋಚನೆಯೇ ಬೇಡ, "ಬೇಡಪ್ಪ, ಕೀಟೋ" ಅಂದರೆ ಮುಗಿಯಿತು. "ಸ್ವಲ್ಪ ಕಡಿಮೆ ತಿನ್ನು" ಅನ್ನುವ ಸಲಹೆಗಿಂತ "ಮುಟ್ಟಲೇಬೇಡ" ಅನ್ನುವುದು ಕೆಲವರಿಗೆ ಸುಲಭ. ಈ ಪದ್ಧತಿಯ ನಿಜವಾದ ಶಕ್ತಿ ಇರುವುದು ಅಲ್ಲೇ ಅಂತ ನನಗೆ ಅನ್ನಿಸುತ್ತದೆ, ಕೀಟೋನ್‌ನಲ್ಲಿ ಅಷ್ಟಾಗಿ ಅಲ್ಲ.

ಆದರೆ ಹಸಿವಿನ ವಿಷಯದಲ್ಲೂ ಕೀಟೋ ಒಂದೇ ಗೆಲ್ಲುತ್ತದೆ ಅಂತಿಲ್ಲ. ಅದೇ ಹಾಲ್ ತಂಡ 2021ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿತು. 20 ಜನ. ಎರಡು ವಾರ ಮಾಂಸ, ಮೊಟ್ಟೆ ಜಾಸ್ತಿ ಇರುವ ಕೀಟೋ, ಎರಡು ವಾರ ಸಸ್ಯಾಹಾರದ ಕಡಿಮೆ ಕೊಬ್ಬಿನ ಊಟ. ಹೊಟ್ಟೆ ತುಂಬುವಷ್ಟು ತಿನ್ನಿ, ಯಾರೂ ಲೆಕ್ಕ ಕೇಳುವುದಿಲ್ಲ ಅಂದಿದ್ದರು. ಕಡಿಮೆ ಕೊಬ್ಬಿನ ಊಟದಲ್ಲಿ ಅವರೇ ದಿನಕ್ಕೆ ಸುಮಾರು 690 ಕ್ಯಾಲೊರಿ ಕಡಿಮೆ ತಿಂದರು. ಹಸಿವು ಎರಡರಲ್ಲೂ ಒಂದೇ ಥರ ಇತ್ತಂತೆ. ಎರಡನೇ ವಾರದ ಹೊತ್ತಿಗೆ ಕೀಟೋದಲ್ಲೂ ಊಟ ಇಳಿಯತೊಡಗಿತ್ತು, ಹಾಗಾಗಿ ಎರಡು ವಾರದ ಪ್ರಯೋಗದಿಂದ ಪೂರ್ತಿ ತೀರ್ಪು ಕೊಡಲು ಹೋಗಬಾರದು.

ವರ್ಷದ ಲೆಕ್ಕ ಬೇಕು ಅಂದರೆ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್‌ನರ್ ಅವರ ಪ್ರಯೋಗ ನೋಡಬೇಕು. 2018ರಲ್ಲಿ ಬಂದದ್ದು, 609 ಜನ, 12 ತಿಂಗಳು. ಒಂದು ಗುಂಪಿಗೆ ಒಳ್ಳೆಯ ಗುಣಮಟ್ಟದ ಕಡಿಮೆ ಕೊಬ್ಬಿನ ಊಟ, ಇನ್ನೊಂದಕ್ಕೆ ಅಷ್ಟೇ ಒಳ್ಳೆಯ ಕಡಿಮೆ ಕಾರ್ಬ್ ಊಟ. ವರ್ಷದ ಕೊನೆಗೆ ಸರಾಸರಿ ಇಳಿಕೆ ಮೊದಲ ಗುಂಪಿಗೆ 5.3 ಕಿಲೋ, ಎರಡನೆಯದಕ್ಕೆ 6 ಕಿಲೋ. ಲೆಕ್ಕಕ್ಕೆ ಬರುವಂಥ ವ್ಯತ್ಯಾಸವೇ ಅಲ್ಲ. ಎರಡೂ ಗುಂಪಿನವರಿಗೆ ಸಕ್ಕರೆ ಮತ್ತು ಮೈದಾದಂಥ ನುಣ್ಣಗಿನ ಹಿಟ್ಟು ಬಿಡಿ, ತರಕಾರಿ ಜಾಸ್ತಿ ತಿನ್ನಿ, ಮನೆಯಲ್ಲಿ ಅಡುಗೆ ಮಾಡಿಕೊಳ್ಳಿ ಅಂತ ಹೇಳಿಕೊಟ್ಟಿದ್ದರು. ನನಗೆ ಸರಾಸರಿಗಿಂತ ಕುತೂಹಲ ಹುಟ್ಟಿಸಿದ್ದು ಒಬ್ಬೊಬ್ಬರ ಫಲಿತಾಂಶ. ಎರಡೂ ಗುಂಪಿನಲ್ಲಿ ಇಪ್ಪತ್ತು ಕಿಲೋಗಿಂತ ಜಾಸ್ತಿ ಇಳಿದವರಿದ್ದರು, ತೂಕ ಏರಿಸಿಕೊಂಡವರೂ ಇದ್ದರು. ಯಾರಿಗೆ ಯಾವುದು ಒಗ್ಗುತ್ತದೆ ಅಂತ ಜೀನ್ ನೋಡಿ, ಇನ್ಸುಲಿನ್ ನೋಡಿ ಮೊದಲೇ ಹೇಳಲು ಹೊರಟರು. ಆಗಲಿಲ್ಲ.

ಇದು ಮೊದಲು ಔಷಧಿಯಾಗಿತ್ತು

ಸಾಮಾಜಿಕ ಜಾಲತಾಣದಲ್ಲಿ ಹುಟ್ಟಿದ ಹುಚ್ಚು ಅಂತ ಕೀಟೋವನ್ನು ತಳ್ಳಿಹಾಕುವವರಿಗೆ ಈ ಕಥೆ ಹೇಳಬೇಕು. ಉಪವಾಸ ಇದ್ದರೆ ಮೂರ್ಛೆರೋಗದ ಸೆಳೆತ ಕಡಿಮೆಯಾಗುತ್ತದೆ ಅನ್ನುವುದು ಬಹಳ ಹಳೆಯ ತಿಳಿವಳಿಕೆ. ಆದರೆ ಎಷ್ಟು ದಿನ ಅಂತ ಉಪವಾಸ ಇರಿಸುವುದು? 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಒಂದು ದಾರಿ ಸೂಚಿಸಿದರು. ಊಟ ಕೊಡುತ್ತಲೇ ಉಪವಾಸದ ಸ್ಥಿತಿ ತರೋಣ, ಕೊಬ್ಬು ತುಂಬಾ ಕೊಟ್ಟು ಕಾರ್ಬ್ ಕಿತ್ತುಹಾಕೋಣ ಅಂದರು. ಕೀಟೋಜೆನಿಕ್ ಡಯಟ್ ಅನ್ನುವ ಹೆಸರು ಕೊಟ್ಟವರೂ ಅವರೇ. 1938ರಲ್ಲಿ ಫೆನಿಟಾಯಿನ್ ಮಾತ್ರೆಯ ಗುಣ ಗೊತ್ತಾದ ಮೇಲೆ ಇದು ಮೂಲೆ ಸೇರಿತು. ಮಾತ್ರೆ ನುಂಗುವುದು ಸುಲಭ, ಊಟ ತೂಕ ಹಾಕುವುದು ಕಷ್ಟ.

1990ರ ದಶಕದಲ್ಲಿ ಮಾತ್ರೆಗಳಿಗೆ ಬಗ್ಗದ ಮೂರ್ಛೆರೋಗದ ಮಕ್ಕಳಿಗಾಗಿ ಇದು ಮತ್ತೆ ಹೊರಗೆ ಬಂತು. 2008ರಲ್ಲಿ ಬ್ರಿಟನ್ನಿನಲ್ಲಿ 145 ಮಕ್ಕಳ ಮೇಲೆ ನಡೆದ ಪ್ರಯೋಗ ಪ್ರಕಟವಾಯಿತು. ಮೂರು ತಿಂಗಳಲ್ಲಿ ಸೆಳೆತ ಅರ್ಧಕ್ಕಿಂತ ಜಾಸ್ತಿ ಕಡಿಮೆಯಾದದ್ದು ಕೀಟೋ ಗುಂಪಿನಲ್ಲಿ ಶೇ. 38 ಮಕ್ಕಳಿಗೆ, ಮಾಮೂಲಿ ಊಟದವರಲ್ಲಿ ಶೇ. 6 ಮಕ್ಕಳಿಗೆ. ಹಲವು ಔಷಧಿ ಸೋತ ಮೇಲೆ ಇಷ್ಟು ಸಿಗುವುದು ಸಣ್ಣ ಮಾತಲ್ಲ. ನನ್ನ ಮಟ್ಟಿಗೆ ಕೀಟೋ ಅತ್ಯಂತ ಗಟ್ಟಿಯಾಗಿ ನಿಂತಿರುವ ಜಾಗ ಇದೇ.

ಅಲ್ಲಿ ಅದನ್ನು ಹೇಗೆ ಕೊಡುತ್ತಾರೆ ಅನ್ನುವುದನ್ನೂ ನೋಡಿ. ಕಟ್ಟುನಿಟ್ಟಾದ ಬಗೆಯಲ್ಲಿ ಕಾರ್ಬ್ ಮತ್ತು ಪ್ರೊಟೀನ್ ಸೇರಿ ಒಂದು ಗ್ರಾಂ ಇದ್ದರೆ ಕೊಬ್ಬು ನಾಲ್ಕು ಗ್ರಾಂ. ಗ್ರಾಂ ತಕ್ಕಡಿಯಲ್ಲಿ ತೂಗಿ ಬಡಿಸುತ್ತಾರೆ. ವೈದ್ಯರು, ಆಹಾರತಜ್ಞರು ಬೆನ್ನ ಹಿಂದೆಯೇ ಇರುತ್ತಾರೆ. ರಕ್ತಪರೀಕ್ಷೆ, ಬೆಳವಣಿಗೆಯ ಅಳತೆ, ವಿಟಮಿನ್, ಕ್ಯಾಲ್ಸಿಯಂ ಮಾತ್ರೆ. ಕಿಡ್ನಿ ಕಲ್ಲು, ಮಲಬದ್ಧತೆ, ಎತ್ತರ ಕುಂಠಿತವಾಗುವುದು ಎಲ್ಲವೂ ಗೊತ್ತಿರುವ ಅಡ್ಡಪರಿಣಾಮಗಳು. ಔಷಧಿಯನ್ನು ಔಷಧಿಯ ಹಾಗೆ ಕೊಡುವುದು ಅಂದರೆ ಇದು. ಒಂದು ವಿಡಿಯೋ ನೋಡಿ ಶುರು ಮಾಡಿದ ನನಗೆ ಇದನ್ನೆಲ್ಲ ಓದಿದಾಗ ಸ್ವಲ್ಪ ನಾಚಿಕೆಯಾಯಿತು.

ಚೈತನ್ಯ ಬರುತ್ತೆ ಅಂತಾರಲ್ಲ

ಮೊದಲು ಹೋಗುತ್ತದೆ. ಎರಡನೇ ದಿನದಿಂದ ಒಂದು ವಾರದವರೆಗೆ ತಲೆನೋವು, ಸುಸ್ತು, ಕಿರಿಕಿರಿ, ಎದ್ದು ನಿಂತರೆ ತಲೆಸುತ್ತು. ಕೀಟೋ ಜ್ವರ ಅಂತ ಕರೆಯುತ್ತಾರೆ, ಆದರೆ ಜ್ವರವೇನೂ ಇರುವುದಿಲ್ಲ. ಬಹುಪಾಲು ಇದು ಉಪ್ಪು ಮತ್ತು ನೀರಿನ ಕೊರತೆ. ಉಪ್ಪು ಹಾಕಿದ ಬಿಸಿ ಸಾರು ಎರಡು ಲೋಟ ಕುಡಿದ ಅರ್ಧ ಗಂಟೆಗೆ ನನ್ನ ತಲೆನೋವು ಇಳಿದಿತ್ತು. ಬಿ.ಪಿ. ಇರುವವರು ಮಾತ್ರ ಈ ಉಪಾಯವನ್ನು ತಾವಾಗಿಯೇ ಮಾಡಬಾರದು.

ಆಮೇಲೆ ಕೆಲವರಿಗೆ ನಿಜಕ್ಕೂ ಹಗುರ ಅನ್ನಿಸುತ್ತದೆ. ಊಟವಾದ ಮೇಲೆ ಗ್ಲೂಕೋಸ್ ಏರಿ ಇಳಿಯುವ ಆಟ ಇಲ್ಲ, ಹಾಗಾಗಿ ಮಧ್ಯಾಹ್ನ ಮೂರು ಗಂಟೆಯ ತೂಕಡಿಕೆಯೂ ಇಲ್ಲ. ನನಗೂ ಮೂರನೇ ವಾರದಲ್ಲಿ ಹಾಗೆ ಅನ್ನಿಸಿತು. ಆದರೆ ಆ ಹೊತ್ತಿಗೆ ನನ್ನ ಮಧ್ಯಾಹ್ನದ ಊಟವೇ ಅರ್ಧ ಆಗಿತ್ತು, ರಾತ್ರಿ ತಿಂಡಿ ನಿಂತು ನಿದ್ದೆ ಸುಧಾರಿಸಿತ್ತು. ತೂಕಡಿಕೆ ಓಡಿಸಿದ್ದು ಕೀಟೋನಾ, ಸಣ್ಣ ಊಟಾನಾ, ನಿದ್ದೆನಾ? ಒಟ್ಟಿಗೆ ಮೂರು ಬದಲಾಯಿಸಿ ಒಂದಕ್ಕೆ ಮಾತ್ರ ಹಾರ ಹಾಕುವುದು ನ್ಯಾಯವಲ್ಲ.

ಜೋರಾಗಿ ಓಡುವವರಿಗೆ, ಭಾರ ಎತ್ತುವವರಿಗೆ ಕಥೆ ಬೇರೆ. ಆಸ್ಟ್ರೇಲಿಯಾದ ಲೂಯಿಸ್ ಬರ್ಕ್ ವಿಶ್ವಮಟ್ಟದ ವೇಗದ ನಡಿಗೆ ಸ್ಪರ್ಧಿಗಳ ಮೇಲೆ ಮೂರು ವಾರ ತರಬೇತಿಯ ಜೊತೆಗೆ ಪ್ರಯೋಗ ಮಾಡಿ 2017ರಲ್ಲಿ ಪ್ರಕಟಿಸಿದರು. ಕೀಟೋ ತಿಂದವರ ಮೈ ಕೊಬ್ಬು ಉರಿಸುವುದರಲ್ಲಿ ಅದ್ಭುತವಾಗಿ ಪಳಗಿತು. ಆದರೆ ಅದೇ ವೇಗದಲ್ಲಿ ನಡೆಯಲು ಅವರಿಗೆ ಜಾಸ್ತಿ ಆಮ್ಲಜನಕ ಬೇಕಾಯಿತು. ಕಾರ್ಬ್ ತಿಂದವರು 10 ಕಿಲೋಮೀಟರ್ ಸ್ಪರ್ಧೆಯಲ್ಲಿ ಸುಧಾರಿಸಿದರು, ಇವರು ಸುಧಾರಿಸಲಿಲ್ಲ. ಕೊಬ್ಬಿನಿಂದ ಅಷ್ಟೇ ಶಕ್ತಿ ತೆಗೆಯಲು ಆಮ್ಲಜನಕ ಸ್ವಲ್ಪ ಜಾಸ್ತಿ ಬೇಕು, ಏದುಸಿರು ಬಿಡುವ ಹೊತ್ತಲ್ಲಿ ಆ ಸ್ವಲ್ಪವೇ ದುಬಾರಿ. ನನ್ನಂಥವನಿಗೆ ಇದು ಗೊತ್ತಾದದ್ದು ನಾಲ್ಕನೇ ಮಹಡಿಯ ಮೆಟ್ಟಿಲಲ್ಲಿ.

ರಕ್ತದ ವರದಿ

ಐದನೇ ವಾರ ಪಟ್ಟಿಯ ಬಣ್ಣ ಮತ್ತೆ ತಿಳಿಯಾಯಿತು. ಗಾಬರಿಯಾಗಿ ಇನ್ನೂ ಎರಡು ಚಮಚ ಬೆಣ್ಣೆ ಜಾಸ್ತಿ ಮಾಡಿದೆ. ಅದು ಶುದ್ಧ ಪೆದ್ದುತನ. ಆ ಪಟ್ಟಿ ತೋರಿಸುವುದು ಮೂತ್ರಕ್ಕೆ ಸೋರಿಹೋದ ಅಸಿಟೋಅಸಿಟೇಟ್ ಮಾತ್ರ. ಮೈ ಪಳಗಿದ ಹಾಗೆ ಸೋರಿಕೆ ಕಡಿಮೆಯಾಗುತ್ತದೆ. ನಾನು ಪಟ್ಟಿಯನ್ನು ಮೆಚ್ಚಿಸಲು ಬೆಣ್ಣೆ ತಿನ್ನುತ್ತಿದ್ದೆ. ಒಲೆ ಚೆನ್ನಾಗಿ ಉರಿಯಲಿ ಅಂತ ಬಾಗಿಲಿಗೆ ಇನ್ನೊಂದು ಗಾಡಿ ಸೌದೆ ತರಿಸಿದ ಹಾಗೆ.

ಏಳನೇ ವಾರ ರಕ್ತ ಕೊಟ್ಟೆ. ರಕ್ತದಲ್ಲಿ ಓಡಾಡುವ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, ಚೆನ್ನಾಗಿ ಇಳಿದಿತ್ತು. ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಸ್ವಲ್ಪ ಏರಿತ್ತು. ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 118 ಇದ್ದದ್ದು 163 ಆಗಿತ್ತು. ಇಂಥ ಮಿಶ್ರ ಫಲಿತಾಂಶ ನನ್ನೊಬ್ಬನದಲ್ಲ. ಗಾರ್ಡ್‌ನರ್ ತಂಡ 2022ರಲ್ಲಿ ಸಕ್ಕರೆ ಕಾಯಿಲೆ ಇರುವವರಿಗೆ ಮತ್ತು ಅದರ ಅಂಚಿನಲ್ಲಿರುವವರಿಗೆ ಹನ್ನೆರಡು ವಾರ ಕೀಟೋ, ಹನ್ನೆರಡು ವಾರ ಕಾಳು, ಹಣ್ಣು, ಇಡೀ ಧಾನ್ಯ, ಆಲಿವ್ ಎಣ್ಣೆ ಇರುವ ಮೆಡಿಟರೇನಿಯನ್ ಊಟ ಕೊಟ್ಟು ನೋಡಿತು. ಟ್ರೈಗ್ಲಿಸರೈಡ್ ಕೀಟೋದಲ್ಲಿ ಶೇ. 16 ಇಳಿಯಿತು, ಇನ್ನೊಂದರಲ್ಲಿ ಶೇ. 5. ಎಲ್‌ಡಿಎಲ್ ಕೀಟೋದಲ್ಲಿ ಶೇ. 10 ಏರಿತು, ಇನ್ನೊಂದರಲ್ಲಿ ಶೇ. 5 ಇಳಿಯಿತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಎರಡರಲ್ಲೂ ಹೆಚ್ಚೂಕಡಿಮೆ ಒಂದೇ. ಅಂದರೆ ಕಾಳು, ಹಣ್ಣು, ಇಡೀ ಧಾನ್ಯ ಬಿಟ್ಟದ್ದರಿಂದ ಅಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ.

ಎಲ್‌ಡಿಎಲ್ ಏರಿದರೆ ಏನೂ ಆಗಲ್ಲ, ಅದು ಹಳೇ ಕಾಲದ ಭಯ ಅನ್ನುವ ಮಾತು ಕೀಟೋ ಗುಂಪುಗಳಲ್ಲಿ ತುಂಬಾ ಓಡಾಡುತ್ತದೆ. ನಾನು ಒಪ್ಪುವುದಿಲ್ಲ. ಹುಟ್ಟಿನಿಂದಲೇ ಎಲ್‌ಡಿಎಲ್ ಜಾಸ್ತಿ ಇರುವವರಿಗೆ ಚಿಕ್ಕ ವಯಸ್ಸಲ್ಲೇ ಹೃದಯಾಘಾತ ಆಗುತ್ತದೆ, ಅದನ್ನು ಇಳಿಸುವ ಮಾತ್ರೆಗಳಿಂದ ಅಪಾಯ ಇಳಿಯುತ್ತದೆ. ಇಷ್ಟು ಸಾಕ್ಷಿ ಇರುವಾಗ ನನ್ನ ವರದಿಗೆ ಮಾತ್ರ ವಿನಾಯಿತಿ ಹೇಗೆ ಸಿಗುತ್ತೆ? ಸಮಾಧಾನದ ವಿಷಯ ಅಂದರೆ ಎಲ್ಲರಿಗೂ ಇಷ್ಟು ಏರುವುದಿಲ್ಲ, ಯಾವ ಕೊಬ್ಬು ಅನ್ನುವುದೂ ಮುಖ್ಯ. ಬೆಣ್ಣೆ, ಕೆನೆ, ಕೊಬ್ಬಿನ ಮಾಂಸ, ತೆಂಗಿನೆಣ್ಣೆಯಲ್ಲಿ ಪರ್ಯಾಪ್ತ ಕೊಬ್ಬು ಜಾಸ್ತಿ. ರಕ್ತದಿಂದ ಎಲ್‌ಡಿಎಲ್ ಎತ್ತಿಕೊಳ್ಳುವ ಲಿವರ್‌ನ ಕೆಲಸವನ್ನು ಅದು ನಿಧಾನ ಮಾಡುತ್ತದೆ. ಆಲಿವ್ ಎಣ್ಣೆ, ಬಾದಾಮಿ, ವಾಲ್‌ನಟ್, ಮೀನಿನ ಕೊಬ್ಬು ಹಾಗಲ್ಲ. ನನ್ನ ಕೀಟೋ ಮುಕ್ಕಾಲು ಪಾಲು ಬೆಣ್ಣೆ ಮತ್ತು ಚೀಸ್ ಮೇಲೆ ನಿಂತಿತ್ತು, ಯಾಕೆಂದರೆ ರುಚಿ ಇದ್ದದ್ದು ಅದರಲ್ಲೇ.

2023ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹತ್ತು ಬಗೆಯ ಊಟದ ಪದ್ಧತಿಗಳಿಗೆ ನೂರಕ್ಕೆ ಅಂಕ ಕೊಟ್ಟಿತು. ಕೀಟೋಗೆ 31, ಎಲ್ಲರಿಗಿಂತ ಕೊನೆಯ ಸ್ಥಾನ. ಇದನ್ನು ಹಿಡಿದುಕೊಂಡು ಕುಣಿಯುವ ಮುಂಚೆ ಒಂದು ಮಾತು. ಆ ಅಂಕ ಅವರದೇ ಆಹಾರ ಸಲಹೆಗಳಿಗೆ ಎಷ್ಟು ಹೊಂದುತ್ತದೆ ಅನ್ನುವುದಕ್ಕೆ ಕೊಟ್ಟದ್ದು. ಹಣ್ಣು, ಕಾಳು, ಇಡೀ ಧಾನ್ಯ ತಿನ್ನಿ ಅನ್ನುವ ಪಟ್ಟಿಯಲ್ಲಿ ಅವನ್ನು ಬಿಟ್ಟ ಪದ್ಧತಿ ಸೋಲುವುದು ಮೊದಲೇ ತೀರ್ಮಾನವಾದ ಹಾಗೆ. ನಾರಿನ ವಿಷಯದಲ್ಲಿ ಮಾತ್ರ ಅವರ ಆಕ್ಷೇಪ ನೂರಕ್ಕೆ ನೂರು ಸರಿ. ದಿನಕ್ಕೆ 25-30 ಗ್ರಾಂ ನಾರು ಬೇಕು. ಕೀಟೋದಲ್ಲಿ ಅಷ್ಟು ಸೇರಿಸಲು ಸೊಪ್ಪು ತರಕಾರಿಯನ್ನು ಹಠ ಹಿಡಿದು ತಿನ್ನಬೇಕು. ನಾನು ತಿನ್ನಲಿಲ್ಲ, ಅದರ ಫಲ ಎರಡನೇ ವಾರದಿಂದಲೇ ಬೆಳಿಗ್ಗೆ ಬೆಳಿಗ್ಗೆ ಅನುಭವಿಸಿದೆ.

ಸಕ್ಕರೆ ಕಾಯಿಲೆ ಮತ್ತು ಮಾತ್ರೆಗಳು

ಎರಡನೇ ಬಗೆಯ ಸಕ್ಕರೆ ಕಾಯಿಲೆಗೆ ಕಡಿಮೆ ಕಾರ್ಬ್ ಊಟ ನಿಜಕ್ಕೂ ಕೆಲಸ ಮಾಡುತ್ತದೆ. 2021ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆರು ತಿಂಗಳಲ್ಲಿ ಎಚ್‌ಬಿಎ1ಸಿ ಕಾಯಿಲೆಯ ಗೆರೆಯಿಂದ ಕೆಳಗೆ ಬಂದವರು ಕಡಿಮೆ ಕಾರ್ಬ್ ಗುಂಪಿನಲ್ಲಿ ಶೇ. 57, ಉಳಿದವರಲ್ಲಿ ಶೇ. 31. ವರ್ಷವಾಗುವ ಹೊತ್ತಿಗೆ ಈ ಅಂತರ ಸಣ್ಣದಾಯಿತು. ಅದರಲ್ಲಿದ್ದ ಪ್ರಯೋಗಗಳೆಲ್ಲ ಕೀಟೋದಷ್ಟು ಕಟ್ಟುನಿಟ್ಟಿನವೂ ಅಲ್ಲ. ಕಾರ್ಬನ್ನು 30 ಗ್ರಾಮಿಗೆ ಇಳಿಸದೆ, ಈಗ ತಿನ್ನುವುದರ ಅರ್ಧಕ್ಕೆ ಇಳಿಸಿದರೂ ಬಹಳ ಜನಕ್ಕೆ ಲಾಭವಿದೆ.

ಅಪಾಯ ಇರುವುದೂ ಇಲ್ಲೇ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಏಕಾಏಕಿ ಕಾರ್ಬ್ ನಿಲ್ಲಿಸಿದರೆ ಸಕ್ಕರೆ ತೀರಾ ಕೆಳಗೆ ಬಿದ್ದು ಪ್ರಜ್ಞೆ ತಪ್ಪಬಹುದು. ಡೋಸ್ ಮೊದಲೇ ಇಳಿಸಬೇಕು, ಅದನ್ನು ವೈದ್ಯರೇ ಮಾಡಬೇಕು. ಬಿ.ಪಿ. ಮಾತ್ರೆಯದೂ ಇದೇ ಕಥೆ. ಇನ್ನು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಮಾತ್ರೆ ತಗೊಳ್ಳುವವರು ಕೀಟೋ ಹತ್ತಿರ ಹೋಗಲೇಬಾರದು. ಕೀಟೋದಲ್ಲಿ ರಕ್ತದ ಕೀಟೋನ್ ಸಾಮಾನ್ಯವಾಗಿ ಲೀಟರಿಗೆ 0.5ರಿಂದ 3 ಮಿಲಿಮೋಲ್ ಇರುತ್ತದೆ, ಮೈಯಲ್ಲಿ ಇನ್ಸುಲಿನ್ ಇರುವುದರಿಂದ ಅದಕ್ಕೆ ಲಗಾಮು ಇರುತ್ತದೆ. ಇನ್ಸುಲಿನ್ ಸಾಲದಾದಾಗ ಲಗಾಮು ಕಳಚಿ ಕೀಟೋನ್ ಹಲವು ಪಟ್ಟು ಏರುತ್ತದೆ, ರಕ್ತ ಆಮ್ಲವಾಗುತ್ತದೆ. ಅದು ಕೀಟೋಅಸಿಡೋಸಿಸ್, ಜೀವಕ್ಕೇ ಕುತ್ತು. ಮೇಲೆ ಹೇಳಿದ ಮಾತ್ರೆಗಳಿದ್ದಾಗ ಸಕ್ಕರೆ ಹೆಚ್ಚೇನೂ ಏರದೆಯೂ ಇದು ಬರಬಹುದು, ಮೀಟರ್ ನೋಡಿ ಸಮಾಧಾನ ಪಟ್ಟುಕೊಂಡು ಕೂತುಬಿಡುತ್ತೇವೆ. ವಾಂತಿ, ಹೊಟ್ಟೆನೋವು, ದೊಡ್ಡದಾಗಿ ಉಸಿರೆಳೆಯುವುದು ಕಂಡರೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಬಸುರಿಯರು, ಹಾಲೂಡಿಸುವ ತಾಯಂದಿರು, ಮೇದೋಜೀರಕ ಗ್ರಂಥಿಯ ಉರಿಯೂತ ಆದವರು, ಲಿವರ್ ಅಥವಾ ಕಿಡ್ನಿ ತೊಂದರೆ ಇರುವವರು, ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆ (ಈಟಿಂಗ್ ಡಿಸಾರ್ಡರ್) ಹಿಂದೆ ಒಮ್ಮೆ ಇದ್ದವರು ಇದನ್ನು ತಾವಾಗಿಯೇ ಶುರು ಮಾಡಬಾರದು. ಕೊಬ್ಬನ್ನು ಒಡೆಯಲಾಗದ ಅಪರೂಪದ ಹುಟ್ಟು ದೋಷಗಳಿವೆ, ಅವರಿಗಂತೂ ಇದು ವಿಷ.

ಇವು ಯಾವುದೂ ಇಲ್ಲದವರು ಮಾಡಿ ನೋಡುತ್ತೇನೆ ಅಂದರೆ ನಾನು ತಡೆಯುವುದಿಲ್ಲ. ಶುರು ಮಾಡುವ ಮುಂಚೆ ಕೊಬ್ಬು, ಸಕ್ಕರೆ, ಕಿಡ್ನಿ, ಲಿವರ್ ಪರೀಕ್ಷೆ ಮಾಡಿಸಿ, ಎರಡು ಮೂರು ತಿಂಗಳಿಗೆ ಮತ್ತೆ ಮಾಡಿಸಿ. ಮೊದಲ ವಾರದ ತೂಕವನ್ನು ಲೆಕ್ಕಕ್ಕೇ ತಗೋಬೇಡಿ. ಸೊಂಟದ ಸುತ್ತಳತೆ ಬರೆದಿಟ್ಟುಕೊಳ್ಳಿ, ಅದು ನೀರಿಗೆ ಅಷ್ಟು ಮೋಸಹೋಗುವುದಿಲ್ಲ. ಮುಖ್ಯವಾಗಿ, ಬಿಡುವ ದಿನ ಹೇಗೆ ಬಿಡುತ್ತೀರಿ ಅಂತ ಮೊದಲೇ ಯೋಚಿಸಿ.

ನಾನು ಯೋಚಿಸಿರಲಿಲ್ಲ. ವರದಿ ಬಂದ ವಾರವೇ ಬಿಟ್ಟೆ. ಮೊದಲ ದಿನ ಎರಡು ಬ್ರೆಡ್ ತುಂಡು, ಒಂದು ಬಾಳೆಹಣ್ಣು. ಮೂರನೇ ದಿನ ತೂಕದ ಯಂತ್ರ ಎರಡು ಕಿಲೋ ಜಾಸ್ತಿ ತೋರಿಸಿತು. ಹೋದ ನೀರೆಲ್ಲ ವಾಪಸ್ ಬಂದಿತ್ತು. ಏಳು ವಾರದಲ್ಲಿ ಇಳಿದಿದ್ದ ಐದರಲ್ಲಿ ಮೂರು ಹಾಗೇ ಉಳಿಯಿತು, ಬಿಸ್ಕತ್ತಿನ ಡಬ್ಬಿ ಮನೆಗೆ ಮತ್ತೆ ಬರದೇ ಇದ್ದದ್ದರಿಂದ ಇರಬೇಕು. ನಾಲ್ಕು ತಿಂಗಳಿಗೆ ಎಲ್‌ಡಿಎಲ್ 121ಕ್ಕೆ ಇಳಿಯಿತು.

ಗೆಳೆಯ ಮಾತ್ರ ಇನ್ನೂ ಅದರಲ್ಲೇ ಇದ್ದಾನೆ, ಇದು ಮೂರನೇ ವರ್ಷ. ಅವನಿಗೆ ಸಕ್ಕರೆ ಕಾಯಿಲೆ ಇತ್ತು. ವೈದ್ಯರು ಎರಡು ಮಾತ್ರೆಯಲ್ಲಿ ಒಂದನ್ನು ನಿಲ್ಲಿಸಿದ್ದಾರೆ, ಅವನ ಎಲ್‌ಡಿಎಲ್ ಅಷ್ಟೇನೂ ಏರಿಲ್ಲ. ಬೆಣ್ಣೆ ಬಿಟ್ಟು ಆಲಿವ್ ಎಣ್ಣೆ, ಮೀನಿಗೆ ಬಂದಿದ್ದಾನೆ, ಕಾರ್ಬ್ ಕೂಡ ಈಗ 80 ಗ್ರಾಂ ಹತ್ತಿರ. ಅಷ್ಟಾದರೆ ಅದು ಕೀಟೋ ಅಲ್ಲವೇ ಅಲ್ಲ ಅಂತ ರೇಗಿಸುತ್ತೇನೆ. ನನ್ನ ಹತ್ತಿರ ಉಳಿದಿದ್ದ ಪಟ್ಟಿಗಳನ್ನು ಅವನಿಗೇ ಕೊಡಲು ಹೋದೆ. "ಅದನ್ನ ನೋಡೋದು ಬಿಟ್ಟು ಎರಡು ವರ್ಷ ಆಯ್ತು ಮಾರಾಯ" ಅಂದ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ನೋಡಿಸುತ್ತಾನೆ, ಅದೊಂದೇ.